ತೆರಿಗೆಯಿಲ್ಲದ ದ್ವೀಪದಲ್ಲಿ ತಿಂಗಳ ಖರ್ಚು: ಜಾರ್ಜ್‌ಟೌನ್‌ಗೆ ಹೊರಟ ಕನ್ನಡಿಗರಿಗೆ

ಕೆರಿಬಿಯನ್ ಸಮುದ್ರದಲ್ಲಿರುವ ಕೇಮನ್ ದ್ವೀಪಗಳು ಬ್ರಿಟನ್ನಿನ ಅಧೀನ ಪ್ರದೇಶ. ಅವುಗಳ ರಾಜಧಾನಿ ಗ್ರ್ಯಾಂಡ್ ಕೇಮನ್ ದ್ವೀಪದ ಜಾರ್ಜ್‌ಟೌನ್. ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿಯವರು ಕಟ್ಟಿದ ಹೆಲ್ತ್ ಸಿಟಿ ಆಸ್ಪತ್ರೆ 2014ರಲ್ಲಿ ಇದೇ ದ್ವೀಪದ ಈಸ್ಟ್ ಎಂಡ್‌ನಲ್ಲಿ ಆರಂಭವಾದ ಮೇಲೆ ಈ ಹೆಸರು ನಮ್ಮವರ ಕಿವಿಗೂ ಬೀಳತೊಡಗಿತು. ಕೆಲಸದ ಪತ್ರ ಕೈಗೆ ಬಂದವರೆಲ್ಲರೂ ಮೊದಲು ಹೇಳುವ ಮಾತು ‘ಅಲ್ಲಿ ಇನ್‌ಕಮ್ ಟ್ಯಾಕ್ಸ್ ಇಲ್ಲ’ ಎಂಬುದು. ಮಾತು ನಿಜವೇ. ಆದರೆ ಸರ್ಕಾರ ನಡೆಯಲು ಹಣ ಬೇಕು. ಅದನ್ನು ಸಂಬಳದಿಂದ ಕಡಿಯುವ ಬದಲು ಬಂದರಿನಲ್ಲಿ ಸುಂಕದ ರೂಪದಲ್ಲಿ ತೆಗೆದುಕೊಳ್ಳುತ್ತಾರೆ. ಹೀಗಾಗಿ ಸಂಬಳದ ಚೀಟಿ ಎಷ್ಟು ಚೆನ್ನಾಗಿ ಕಂಡರೂ ಅದನ್ನು ಅಲ್ಲಿನ ಅಂಗಡಿಯ ಬಿಲ್ಲಿನ ಪಕ್ಕದಲ್ಲಿಟ್ಟು ಓದಬೇಕು.

ಎಲ್ಲಕ್ಕೂ ಮೊದಲು ಸಂಬಳ ಯಾವ ಡಾಲರಿನಲ್ಲಿದೆ ಎಂದು ನೋಡಿಕೊಳ್ಳಿ. ಕೇಮನ್ ಡಾಲರ್ ಅಮೆರಿಕದ ಡಾಲರಿಗಿಂತ ದೊಡ್ಡದು; 1974ರಿಂದ ಒಂದು ಕೇಮನ್ ಡಾಲರಿಗೆ 1.20 ಅಮೆರಿಕನ್ ಡಾಲರ್ ಎಂಬ ದರ ಸ್ಥಿರವಾಗಿದೆ. 3,000 ಅಮೆರಿಕನ್ ಡಾಲರ್ ಸಂಬಳವೆಂದರೆ ಆ ದರದಲ್ಲಿ 2,500 ಕೇಮನ್ ಡಾಲರ್ ಮಾತ್ರ. ಅಂಗಡಿಗಳಲ್ಲಿ ಅಮೆರಿಕದ ನೋಟನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಅದನ್ನು ಸಾಮಾನ್ಯವಾಗಿ 80 ಸೆಂಟಿನಂತೆ ಎಣಿಸುವುದರಿಂದ ಅದೇ ಹಣ 2,400ಕ್ಕೆ ಇಳಿಯುತ್ತದೆ. ಬಾಡಿಗೆಯನ್ನು ಒಬ್ಬ ಮಾಲೀಕರು ಅಮೆರಿಕನ್ ಡಾಲರಿನಲ್ಲಿ, ಇನ್ನೊಬ್ಬರು ಕೇಮನ್ ಡಾಲರಿನಲ್ಲಿ ಹೇಳುವುದು ಅಲ್ಲಿ ಮಾಮೂಲು. ಎರಡು ಮನೆಗಳ ಬಾಡಿಗೆಯನ್ನು ಹೋಲಿಸುವಾಗ ಯಾವ ಡಾಲರು ಎಂದು ಕೇಳಲು ಸಂಕೋಚ ಬೇಡ.

ಆಮದು ಸುಂಕದ ಸಾಮಾನ್ಯ ದರ 22 ಶೇಕಡಾ. ಕೆಲವು ಮೂಲ ಆಹಾರ ಪದಾರ್ಥಗಳಿಗೆ ವಿನಾಯಿತಿ ಇದೆ, ಕಾರುಗಳಿಗೆ ದರ ಇನ್ನೂ ಹೆಚ್ಚು. ವಸ್ತುವಿನ ಬೆಲೆಗೆ ವಿಮೆ ಮತ್ತು ಹಡಗಿನ ಸಾಗಣೆ ವೆಚ್ಚವನ್ನೂ ಕೂಡಿಸಿ, ಆ ಮೊತ್ತದ ಮೇಲೆ ಸುಂಕ ಹಾಕುತ್ತಾರೆ. ವ್ಯಾಪಾರಿಯ ಲಾಭ ಬರುವುದು ಅದರ ಮೇಲೆ. ಅಂತರ್ಜಾಲದಲ್ಲಿ ಕೊಂಡು ಮಯಾಮಿಯ ಸಾಗಣೆ ಕಂಪನಿಯ ಮೂಲಕ ತರಿಸಿಕೊಂಡರೂ ಈ ಸುಂಕ ತಪ್ಪುವುದಿಲ್ಲ. ದ್ವೀಪದಲ್ಲಿ ಬೆಳೆಯುವುದು ಕಡಿಮೆಯಾದ್ದರಿಂದ ಅಡುಗೆಮನೆಗೆ ಬೇಕಾದುದರಲ್ಲಿ ಬಹುಪಾಲು ಹಡಗಿನಲ್ಲೇ ಬರುತ್ತದೆ. ಅಕ್ಕಿ, ಬೇಳೆ, ಹಿಟ್ಟುಗಳಲ್ಲಿ ಸಂಸಾರ ತೂಗಿಸಬಹುದು. ಕೊತ್ತಂಬರಿ, ಬೆಂಡೆಕಾಯಿ, ಮೊಸರು ಎಂದು ಹೊರಟರೆ ಚೀಲ ತುಂಬುವ ಮೊದಲೇ ಜೇಬು ಖಾಲಿಯಾಗುತ್ತದೆ. ಶನಿವಾರ ಲೋಯರ್ ವ್ಯಾಲಿಯ ರೈತರ ಸಂತೆಗೆ ಹೋದರೆ ಊರಲ್ಲೇ ಬೆಳೆದ ಬಾಳೆ, ಮರಗೆಣಸು, ಕಾಲದಲ್ಲಿ ಮಾವು ಸಿಗುತ್ತವೆ. ಕರಾವಳಿಯವರಿಗೆ ತೆಂಗು ಮತ್ತು ಮೀನಿನ ವಿಷಯದಲ್ಲಿ ಅಷ್ಟೇನೂ ಪರದೇಶ ಎನಿಸದು. ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ. ಆ ದಿನ ಹಾಲು ಮುಗಿದವರು ಪೆಟ್ರೋಲ್ ಬಂಕಿನ ಪುಟ್ಟ ಅಂಗಡಿಯಲ್ಲಿ ಹೆಚ್ಚು ಬೆಲೆ ತೆರಬೇಕಾಗುತ್ತದೆ. ಹೋಟೆಲಿನ ಬಿಲ್ಲಿನಲ್ಲಿ ಸಾಮಾನ್ಯವಾಗಿ 15 ಶೇಕಡಾ ಸೇವಾಶುಲ್ಕ ಮೊದಲೇ ಸೇರಿರುವುದರಿಂದ ಅದನ್ನು ಓದದೆ ಟಿಪ್ಸ್ ಇಟ್ಟರೆ ಎರಡು ಸಲ ಕೊಟ್ಟಂತಾಗುತ್ತದೆ.

ಖರ್ಚಿನ ದೊಡ್ಡ ಪಾಲು ಮನೆ ಬಾಡಿಗೆ. ಜಾರ್ಜ್‌ಟೌನ್ ಸುತ್ತಮುತ್ತ ಒಂದು ಮಲಗುವ ಕೋಣೆಯ ಮನೆಗೆ ತಿಂಗಳಿಗೆ ಸುಮಾರು 2,000 ಕೇಮನ್ ಡಾಲರ್ ಎಂದು ಎಣಿಸಿಕೊಂಡೇ ಲೆಕ್ಕ ಆರಂಭಿಸುವುದು ಕ್ಷೇಮ. ಸೆವೆನ್ ಮೈಲ್ ಬೀಚ್ ಕಡೆ ಅದಕ್ಕಿಂತ ಬಹಳ ಹೆಚ್ಚು, ಪೂರ್ವದ ಬೋಡನ್ ಟೌನ್ ಕಡೆ ಸ್ವಲ್ಪ ಕಡಿಮೆ. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿ ಇಲ್ಲಿಲ್ಲ ಎಂಬುದೊಂದು ಸಮಾಧಾನ. ಆದರೆ ಪೂರ್ವದಲ್ಲಿ ಬಾಡಿಗೆ ಉಳಿಸಿ ಜಾರ್ಜ್‌ಟೌನಿನಲ್ಲಿ ಕೆಲಸ ಮಾಡುವವರು ಬೆಳಗಿನ ವಾಹನದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತಾರೆ, ಮತ್ತು ಅವರಿಗೆ ಕಾರು ಅನಿವಾರ್ಯ. ಪುಟ್ಟ ಬಸ್ಸುಗಳು ಓಡಾಡುತ್ತವೆಯಾದರೂ ರಾತ್ರಿ ಪಾಳಿಯವರು ಅವನ್ನು ನಂಬಿ ಕೂರಲಾಗದು. ರಸ್ತೆಯಲ್ಲಿ ನಮ್ಮಂತೆಯೇ ಎಡಕ್ಕೆ ಓಡಿಸುತ್ತಾರೆ. ಜಪಾನಿನಿಂದ ಬಂದ ಹಳೆಯ ಕಾರುಗಳನ್ನು ಕೊಳ್ಳುವುದು ರೂಢಿ.

ಬಾಡಿಗೆಯ ಬೆನ್ನಿಗೇ ಕರೆಂಟ್ ಬಿಲ್ಲು. ದ್ವೀಪದ ವಿದ್ಯುತ್ತು ಹೆಚ್ಚಾಗಿ ಡೀಸೆಲ್ ಸುಟ್ಟೇ ತಯಾರಾಗುವುದರಿಂದ ಬಿಲ್ಲಿನಲ್ಲಿ ಇಂಧನ ವೆಚ್ಚಕ್ಕೆ ಪ್ರತ್ಯೇಕ ಸಾಲಿರುತ್ತದೆ. ತೈಲದ ಬೆಲೆ ಏರಿದ ತಿಂಗಳು ನೀವು ಒಂದೂ ದೀಪ ಹೆಚ್ಚಿಗೆ ಹಚ್ಚದಿದ್ದರೂ ಮೊತ್ತ ಏರುತ್ತದೆ. ಬೇಸಿಗೆಯಲ್ಲಿ ಎಸಿ ಇಲ್ಲದೆ ನಿದ್ದೆ ಬಾರದು. ನದಿಯೇ ಇಲ್ಲದ ಊರಾದ್ದರಿಂದ ನಲ್ಲಿಯ ನೀರು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಿದ್ದು, ಅದಕ್ಕೂ ಘನ ಮೀಟರ್ ಲೆಕ್ಕದಲ್ಲಿ ದರ. ಇನ್ನೊಂದು ಸಣ್ಣ ಮಾತು: ಮನೆಗಳಲ್ಲಿ ಅಮೆರಿಕದಂತೆ ಸುಮಾರು 120 ವೋಲ್ಟ್ ವಿದ್ಯುತ್ತು ಬರುವುದರಿಂದ ಊರಿನಿಂದ ಹೊತ್ತ ಮಿಕ್ಸಿ, ವೆಟ್ ಗ್ರೈಂಡರ್‌ಗಳು ನೇರವಾಗಿ ಓಡುವುದಿಲ್ಲ. ಅಮೆರಿಕಕ್ಕೆಂದು ತಯಾರಾದ ಮಾದರಿ ಒಯ್ಯಿರಿ. ಇಲ್ಲವಾದರೆ ದೋಸೆಹಿಟ್ಟಿಗೆ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕಾದೀತು.

ತೆರಿಗೆಯಿಲ್ಲ ಎಂದ ಮಾತ್ರಕ್ಕೆ ಸಂಬಳದಿಂದ ಏನೂ ಕಡಿತವಿಲ್ಲ ಎಂದಲ್ಲ. ಆರೋಗ್ಯ ವಿಮೆ ಕಾನೂನಿನಂತೆ ಕಡ್ಡಾಯ. ನೌಕರನ ಕನಿಷ್ಠ ವಿಮೆಯ ಕಂತಿನಲ್ಲಿ ಅರ್ಧದವರೆಗೆ ಉದ್ಯೋಗದಾತರು ಸಂಬಳದಿಂದ ಹಿಡಿಯಬಹುದು, ಹೆಂಡತಿ ಅಥವಾ ಗಂಡ ಮತ್ತು ಮಕ್ಕಳ ಕಂತು ಹೆಚ್ಚಾಗಿ ಪೂರ್ತಿ ನೌಕರನ ತಲೆಯ ಮೇಲೆಯೇ. ಹೊರಗಿನಿಂದ ಬಂದವರು ಒಂಬತ್ತು ತಿಂಗಳು ಕೆಲಸ ಮಾಡಿದ ಮೇಲೆ ಪಿಂಚಣಿಗೆ ಸೇರಲೇಬೇಕು: ನೌಕರನದು 5 ಶೇಕಡಾ, ಉದ್ಯೋಗದಾತರದು 5 ಶೇಕಡಾ. 3,000 ಡಾಲರ್ ಸಂಬಳದವರ ಕೈಗೆ ಹತ್ತನೇ ತಿಂಗಳಿನಿಂದ 150 ಡಾಲರ್ ಕಡಿಮೆ ಬರುವುದು ಇದರಿಂದ. ಈ ಹಣವನ್ನು ದ್ವೀಪ ಬಿಡುವ ದಿನ ಒಟ್ಟಿಗೆ ಕೈಗೆ ಬರುವ ಇಡುಗಂಟೆಂದು ಎಣಿಸಬೇಡಿ. ಉದ್ಯೋಗ ಪರವಾನಗಿಯ ಶುಲ್ಕ ಮಾತ್ರ ಉದ್ಯೋಗದಾತರದೇ ಹೊಣೆ. ಅದನ್ನು ನಿಮ್ಮಿಂದ ವಸೂಲಿ ಮಾಡಲು ಕಾನೂನು ಒಪ್ಪುವುದಿಲ್ಲ.

ಕುಟುಂಬವನ್ನು ಕರೆದೊಯ್ಯಬೇಕೇ ಎಂಬ ಪ್ರಶ್ನೆ ಕಾಗದದ ಮೇಲೆ ಲೆಕ್ಕ ಹಾಕಿಯೇ ತೀರ್ಮಾನವಾಗಬೇಕು. ಪರವಾನಗಿಯ ಮೇಲೆ ಬಂದವರ ಮಕ್ಕಳಿಗೆ ಸರ್ಕಾರಿ ಶಾಲೆಗಳ ಬಾಗಿಲು ಸಾಮಾನ್ಯವಾಗಿ ತೆರೆದಿರುವುದಿಲ್ಲ. ಖಾಸಗಿ ಶಾಲೆಯ ಶುಲ್ಕ ಎರಡು ಮಕ್ಕಳಿಗಾದರೆ ಬಾಡಿಗೆಯ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಜೊತೆಗೆ ಬಂದವರು ತಮ್ಮದೇ ಪರವಾನಗಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಒಂಟಿಯಾಗಿ ಬಂದು ಮನೆ ಹಂಚಿಕೊಂಡವರಿಗೆ ಉಳಿತಾಯ ಕಾಣುತ್ತದೆ. ಒಂದೇ ಸಂಬಳದಲ್ಲಿ ನಾಲ್ವರು ಎಂದರೆ, ಸಂಬಳ ಬಹಳ ದೊಡ್ಡದಲ್ಲದ ಹೊರತು, ನನ್ನ ದೃಷ್ಟಿಯಲ್ಲಿ ಅದು ಉಳಿತಾಯದ ಊರಲ್ಲ. ಊರಿಗೆ ನೇರ ವಿಮಾನವಿಲ್ಲದ ಕಾರಣ ಮಯಾಮಿ ಅಥವಾ ಲಂಡನ್ ದಾರಿ ಹಿಡಿಯುವವರು ಟಿಕೆಟ್ಟಿನ ಜೊತೆ ಆ ದೇಶದ ವೀಸಾ ಖರ್ಚನ್ನೂ ಸೇರಿಸಿಕೊಳ್ಳಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2004ರ ಐವನ್ ಮಾಡಿದ ಹಾನಿಯನ್ನು ಕಂಡವರು ಮನೆಯೊಳಗಿನ ಸಾಮಾನಿಗೂ ವಿಮೆ ಮಾಡಿಸುತ್ತಾರೆ.

ತೆರಿಗೆಯ ಮಾತು ಭಾರತದ ಕಡೆಯಿಂದಲೂ ಒಮ್ಮೆ ತಿರುಗಿ ಬರುತ್ತದೆ. ಊರಿನ ಬಾಡಿಗೆ, ಬಡ್ಡಿ ಮುಂತಾದ ಭಾರತದೊಳಗಿನ ಆದಾಯ ವರ್ಷಕ್ಕೆ 15 ಲಕ್ಷ ರೂಪಾಯಿ ಮೀರಿದ ಭಾರತೀಯ ಪ್ರಜೆಯು ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, 2020ರ ತಿದ್ದುಪಡಿಯ ಪ್ರಕಾರ ಅವರನ್ನು ಭಾರತದ ನಿವಾಸಿಯೆಂದೇ ಪರಿಗಣಿಸಲಾಗುತ್ತದೆ. ದ್ವೀಪದಲ್ಲಿ ದುಡಿದ ಸಂಬಳಕ್ಕೆ ಇದರಿಂದ ತೆರಿಗೆ ಬೀಳದಿದ್ದರೂ ರಿಟರ್ನ್ ಸಲ್ಲಿಸುವಾಗ ನಮೂದಿಸುವ ಸ್ಥಾನಮಾನ ಬದಲಾಗುತ್ತದೆ. ಅಂಥ ಆದಾಯವಿರುವವರು ವಿಮಾನ ಹತ್ತುವ ಮೊದಲೇ ತಮ್ಮ ಲೆಕ್ಕಪರಿಶೋಧಕರನ್ನು ಕಂಡು ಬರುವುದು ಒಳ್ಳೆಯದು.