ತರವಾಡು ಮನೆಯಲ್ಲಿ ಎಲ್ಲರೂ ಸೇರುವ ಮೊದಲು ನೀರಿನ ಲೆಕ್ಕ

ಬೆಂಗಳೂರು, ಪುಣೆ, ದುಬೈ ಅಂತ ಚದುರಿದವರೆಲ್ಲ ಮೇ ರಜೆಯಲ್ಲಿ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಸೇರೋಣ ಎಂದು ಹೊರಟರೆ ಮೊದಲು ಚರ್ಚೆಯಾಗುವುದು ದಿನ ಯಾವುದು ಎಂದು. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಗುಡ್ಡದ ಮನೆ, ಅದೂ ವರ್ಷಗಟ್ಟಲೆ ಬೀಗ ಬಿದ್ದದ್ದಾದರೆ, ನಾನು ಮೊದಲು ನೋಡುವುದು ನೀರು. ಮೇ ತಿಂಗಳಲ್ಲಿ ಸಾಕಾದ ನೀರು ಉಳಿದ ಕಾಲಕ್ಕೂ ಸಾಕು.

ಕೀಲಿಕೈ ಇಟ್ಟುಕೊಂಡ ಅಪ್ಪಚ್ಚಿಗೆ (ಚಿಕ್ಕಪ್ಪನಿಗೆ) ಫೋನು ಮಾಡಿ ‘ಮನೆ ಹೇಗಿದೆ’ ಎಂದು ಕೇಳಿ ಪ್ರಯೋಜನವಿಲ್ಲ. ‘ಎಂತ ತೊಂದರೆ ಇಲ್ಲೆ, ಬಾ’ ಎನ್ನುತ್ತಾರೆ. ಸುರಂಗದ ನೀರು ಟಾಂಕಿಗೆ ಬೀಳುತ್ತಿದೆಯೇ, ಕಳೆದ ಮಳೆಗೆ ಯಾವ ಕೋಣೆ ಸೋರಿತು ಎಂದು ಬಿಡಿಬಿಡಿಯಾಗಿ ಕೇಳಬೇಕು.

ಸುರಂಗ ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಡ್ಡ ಕೊರೆದ, ಆಳೊಬ್ಬ ನಡೆದುಹೋಗುವಷ್ಟು ಎತ್ತರದ ಬಾವಿ. ಒಸರಿದ ನೀರು ಪಂಪಿಲ್ಲದೆ ತಾನೇ ಹೊರಗೆ ಹರಿಯುತ್ತದೆ. ಹಿಂದೆ ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿತ್ತು, ಈಗ ಕರಿಪೈಪು. ಆಳು ಓಡಾಡದ ಸುರಂಗದಲ್ಲಿ ಮಣ್ಣು ಕುಸಿದು ನೀರು ಒಳಗೇ ಕಟ್ಟಿ ನಿಂತಿರುತ್ತದೆ. ಆ ಒಡ್ಡನ್ನು ಒಮ್ಮೆಲೇ ಕಡಿದರೆ ಕೆಸರೆಲ್ಲ ಟಾಂಕಿಗೆ ನುಗ್ಗುತ್ತದೆ; ಮೊದಲು ಪೈಪು ಕಳಚಿ, ನೀರು ತಿಳಿಯಾಗುವವರೆಗೆ ತೋಟಕ್ಕೆ ಬಿಡಬೇಕು. ಒಳಗೆ ಹೋಗುವುದು ಸುರಂಗ ಕೊರೆದು ಗೊತ್ತಿದ್ದವರ ಕೆಲಸ. ಅವರು ಮೊಂಬತ್ತಿ ಹಿಡಿದು ನಡೆಯುತ್ತಾರೆ, ಉರಿ ಮಂಕಾದರೆ ಹಿಂದೆ ಬರುತ್ತಾರೆ. ಮುರಕಲ್ಲು ಮುಗಿದು ಶೇಡಿಮಣ್ಣು (ಮೆದು ಜೇಡಿ) ಸಿಕ್ಕಲ್ಲಿ ಕುಸಿಯುವ ಭಯ ಹೆಚ್ಚು. ಮಕ್ಕಳಿಗೆ ಹೊರಗಿನಿಂದಲೇ ತೋರಿಸಿದರೆ ಸಾಕು.

ಸುರಂಗದಲ್ಲಿ ನೀರಿದ್ದೂ ಪೈಪಿನಲ್ಲಿ ಬಾರದಿದ್ದರೆ ಗಾಳಿ ಕಟ್ಟಿದೆ ಎಂದೇ ಲೆಕ್ಕ. ಪೈಪು ದರೆ ಹತ್ತಿ ಇಳಿಯುವ ಕಡೆ ಗಾಳಿ ಸೇರಿಕೊಳ್ಳುತ್ತದೆ. ಒಂದೇ ಇಳಿಜಾರು ಸಿಗುವಂತೆ ಪೈಪನ್ನು ಎಳೆದು ಹಾಕಿ. ಆಗದಿದ್ದರೆ ಉಬ್ಬಿನ ನೆತ್ತಿಯಲ್ಲಿ ಒಂದು ‘ಟೀ’ ಜೋಡಣೆ, ಮೇಲೊಂದು ಸಣ್ಣ ವಾಲ್ವು. ಪೈಪಿನ ಬಾಯಿಗೆ ಜಾಲರಿ ಕಟ್ಟಿ, ತಳದಿಂದ ಒಂದು ಗೇಣು ಮೇಲೆ ಇಡಬೇಕು.

ಇನ್ನು ಅಳತೆ. ಹತ್ತು ಲೀಟರಿನ ಬಕೆಟು ತುಂಬಲು 5 ನಿಮಿಷ ಹಿಡಿದರೆ ನಿಮಿಷಕ್ಕೆ 2 ಲೀಟರು, ದಿನಕ್ಕೆ 2,880. ತಲೆಗೆ 100 ಲೀಟರಿನಂತೆ ಇಪ್ಪತ್ತು ಜನಕ್ಕೆ ಧಾರಾಳ ಎನಿಸುತ್ತದೆ. ಆದರೆ ಎಲ್ಲರೂ ಮೀಯುವುದು ಬೆಳಗ್ಗೆ ಆರರಿಂದ ಒಂಬತ್ತರೊಳಗೆ. ಆ ಮೂರು ಗಂಟೆಯಲ್ಲಿ ಬೀಳುವುದು 360 ಲೀಟರು ಮಾತ್ರ. ರಾತ್ರಿಯ ಹತ್ತು ಗಂಟೆಯಲ್ಲಿ 1,200 ಲೀಟರು ಬೀಳುತ್ತದೆ, ಅದನ್ನು ಹಿಡಿದಿಡಲು ಟಾಂಕಿ ಬೇಕೇ ಬೇಕು. ಬಾಡಿಗೆ ಪಂಪಿಗೆ ಹಾಕುವ ದುಡ್ಡನ್ನು ಸಾವಿರ ಲೀಟರಿನ ಟಾಂಕಿಗೆ ಹಾಕುವುದು ಮೇಲು.

ಟಾಂಕಿ ತಿಕ್ಕಿ ತೊಳೆದ ಮೇಲೆ ಸಾವಿರ ಲೀಟರಿಗೆ 5 ಗ್ರಾಮ್ ಬ್ಲೀಚಿಂಗ್ ಪೌಡರು. ಮಗ್ಗಿನಲ್ಲಿ ಪೇಸ್ಟು ಮಾಡಿ, ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಒಂದು ಗಂಟೆ ಮುಟ್ಟಬೇಡಿ. ಘಾಟು ಹೋದ ಹಳೆ ಪೊಟ್ಟಣ ದಂಡ. ಕುಡಿಯುವ ನೀರನ್ನು ಹೇಗೂ ಕುದಿಸುವುದೇ.

ಮಾಡಿನ ಕೆಲಸ ಪತ್ತನಾಜೆಯ (ಮೇ ಕೊನೆವಾರದ ಸುಮಾರಿಗೆ ಬರುವ ತುಳುನಾಡಿನ ದಿನ) ಒಳಗೆ ಮುಗಿಯಲಿ, ಆಮೇಲೆ ಮಳೆಯನ್ನು ನಂಬುವ ಹಾಗಿಲ್ಲ. ಹಂಚಿನ ಮೇಲೆ ಕಾಲಿಟ್ಟರೆ ಒಂದು ಬದಲಿಸಲು ಹೋಗಿ ನಾಲ್ಕು ಒಡೆಯುತ್ತವೆ. ಒಳಗಿನಿಂದ ಏಣಿ ಇಟ್ಟು, ಮೇಲಿನ ಹಂಚನ್ನು ತುಸು ಎತ್ತಿ ಒಡೆದದ್ದನ್ನು ಜಾರಿಸಬೇಕು. ಹಳೆ ಹಂಚಿನ ಗಾಡಿಗೆ (ಒಂದಕ್ಕೊಂದು ಕೂರುವ ತೋಡಿಗೆ) ಬೇರೆ ಕಾರ್ಖಾನೆಯ ಹಂಚು ಕೂರುವುದಿಲ್ಲ, ಸೋರುವುದು ಅಲ್ಲಿಯೇ. ಹಂಚಿನ ಬೆನ್ನಿನ ಕಾರ್ಖಾನೆ ಅಚ್ಚು ನೋಡಿಕೊಂಡು, ಕೆಡವಿದ ಮನೆಗಳ ಹಂಚು ಹುಡುಕಿ. ರೀಪಿಗೆ ಒರಲೆ (ಗೆದ್ದಲು) ಹಿಡಿದಿದ್ದರೆ ಹಂಚು ಬದಲಿಸಿ ಫಲವಿಲ್ಲ.

ನೀರಿನ ಲೆಕ್ಕಕ್ಕಿಂತ ಜನ ಹೆಚ್ಚಾದರೆ ಊಟ ತರವಾಡಿನಲ್ಲಿ, ಮಲಗುವುದು, ಮೀಯುವುದು ಹಂಚಿಕೊಂಡು. ಗಂಟುನೋವಿನ ದೊಡ್ಡಮ್ಮಂದಿರು ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗಲಾರರು. ಅವರಿಗೆ ಅಪ್ಪಚ್ಚಿಯ ಹೊಸ ಮನೆಯೇ ಸರಿ. ಇದನ್ನು ಅಪ್ಪಚ್ಚಿಯಲ್ಲಿ ಅಲ್ಲ, ಚಿಕ್ಕಮ್ಮನಲ್ಲಿ ಕೇಳಿ, ವಾರ ಮೊದಲೇ.