ಮೊಣಕೈ ಕಲಿತ ಪಾಠ

ಕೆಲಸದ ಮೇಲೆ ಹಾಂಗ್‌ಕಾಂಗ್‌ನಲ್ಲಿದ್ದ ಎರಡು ವರ್ಷ ವಾರಕ್ಕೆ ಮೂರು ಸಂಜೆ ವಿಂಗ್ ಚುನ್ ಎಂಬ ಚೀನೀ ಕುಂಗ್ ಫೂ ಕಲಿತೆ. ದಕ್ಷಿಣ ಚೀನಾದ ಫೋಷಾನ್‌ನಿಂದ ಬಂದ ಇಪ್ ಮನ್ ಎಂಬ ಕುಂಗ್ ಫೂ ಪಟು 1950ರ ಸುಮಾರಿಗೆ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಇದನ್ನು ಹೇಳಿಕೊಡತೊಡಗಿದ್ದು ಇದೇ ಊರಿನಲ್ಲಿ. ನಮ್ಮ ಕೋಣೆಯಲ್ಲಿ ಎರಡೂ ಕೈ ಅಗಲಿಸಿದರೆ ಪಕ್ಕದವರಿಗೆ ತಾಗುತ್ತಿತ್ತು. ಮೈಗೆ ಮೈ ತಾಗುವಷ್ಟು ಹತ್ತಿರದ ಈ ವಿದ್ಯೆಗೆ ಅಷ್ಟು ಜಾಗ ಸಾಕು.

ಮೊದಲ ನಾಲ್ಕು ತಿಂಗಳು ಸಿಯು ನಿಮ್ ತಾವ್ ಎಂಬ ಮೊದಲ ವರಸೆ ಒಂದೇ. ಮಂಡಿ ಒಳಕ್ಕೆ, ಹಿಮ್ಮಡಿ ಹೊರಕ್ಕೆ ಮಾಡಿ ನಿಂತಲ್ಲೇ ನಿಂತು ಕೈಗಳನ್ನಷ್ಟೇ ಆಡಿಸಬೇಕು. ಇದರ ಬೇರುಗಳು ಮೂರು: ತಾನ್ ಸಾವ್, ಬೊಂಗ್ ಸಾವ್, ಫುಕ್ ಸಾವ್. ಕನ್ನಡದ ಕಿವಿಗೆ ಬೇರೆಯೇ ಕೇಳಿಸಿದರೂ ಸಾವ್ ಎಂದರೆ ಕ್ಯಾಂಟನೀಸ್‌ನಲ್ಲಿ ಕೈ. ತಾನ್‌ನಲ್ಲಿ ಅಂಗೈ ಆಕಾಶ ನೋಡುತ್ತದೆ. ತೀರ್ಥಕ್ಕೆ ಒಡ್ಡಿದಂತೆ, ಆದರೆ ಬೆರಳು ಮಡಚದೆ. ಫುಕ್‌ನಲ್ಲಿ ಮಣಿಕಟ್ಟು ಬಾಗಿ ಎದುರಾಳಿಯ ಕೈಮೇಲೆ ಕೂರುತ್ತದೆ.

ಫುಕ್ ಸಾವನ್ನು ಎದೆಯ ನಡುಗೆರೆಯಲ್ಲಿ ಮೂರು ಸಲ ಮುಂದಕ್ಕೆ ಒಯ್ಯಬೇಕು, ಬಸವನಹುಳು ನಡೆದಷ್ಟು ನಿಧಾನವಾಗಿ. ಬುದ್ಧನಿಗೆ ಮೂರು ನಮಸ್ಕಾರ ಎಂದೇ ಈ ಭಾಗಕ್ಕೆ ಹೆಸರು. ನನ್ನ ಕೈ ಮುಂದೆ ಹೋಗುತ್ತಿತ್ತು, ಮೊಣಕೈ ಮಾತ್ರ ಹೊರಕ್ಕೆ ಜಾರುತ್ತಿತ್ತು. ಗುರುಗಳು ಮಾತಾಡದೆ ತಮ್ಮ ಮುಷ್ಟಿಯನ್ನು ನನ್ನ ಮೊಣಕೈಗೂ ಪಕ್ಕೆಲುಬಿಗೂ ನಡುವೆ ಇಟ್ಟರು. ದೂರ ಅಷ್ಟೇ, ಒಂದು ಮುಷ್ಟಿ. ಕೈಯನ್ನು ಮೊಣಕೈಯೇ ತಳ್ಳಬೇಕೆಂದು ಅಂದು ಮೈಗೆ ತಿಳಿಯಿತು. ಆಮೇಲೆ ವಾರಗಟ್ಟಲೆ ಭುಜ ಉರಿಯಿತು, ಅದು ಬೇರೆ ಮಾತು.

ನನ್ನನ್ನು ಹೆಚ್ಚು ಕಾಡಿದ್ದು ಬೊಂಗ್ ಸಾವ್. ಮೊಣಕೈ ಎತ್ತರದಲ್ಲಿ, ಮುಂಗೈ ಇಳಿಜಾರಾಗಿ, ಹಕ್ಕಿಯ ರೆಕ್ಕೆಯಂತೆ. ನಾನದನ್ನು ಗೋಡೆಯೆಂದು ತಿಳಿದು ಭುಜ ಬಿಗಿಹಿಡಿದು ನಿಲ್ಲಿಸುತ್ತಿದ್ದೆ. ಗುರುಗಳು ಎರಡೇ ಬೆರಳಿನಿಂದ ಒತ್ತಿದರು. ನನ್ನ ಕೈ ನನ್ನ ಎದೆಗೇ ಕುಸಿಯಿತು. ಬೊಂಗ್ ಅನ್ನು ನಾವು ಎತ್ತುವುದಲ್ಲ, ಎದುರಿನ ಒತ್ತಡವೇ ಅದನ್ನು ಎಬ್ಬಿಸಬೇಕು. ಎದ್ದದ್ದು ಅಲ್ಲೇ ತಂಗಬಾರದು, ಹೊರಳಿ ತಾನ್ ಆಗಬೇಕು.

ಇದು ಕೈಗೂಡಿದ್ದು ಒಂಟಿಗೈ ಚಿ ಸಾವ್‌ನಲ್ಲಿ, ಅಂದರೆ ಮುಂಗೈಗಳನ್ನು ಅಂಟಿಸಿಕೊಂಡು ಮಾಡುವ ಅಭ್ಯಾಸದಲ್ಲಿ. ನನ್ನ ತಾನ್ ಮೇಲೆ ಹಿರಿಯ ಜೊತೆಗಾರರೊಬ್ಬರ ಫುಕ್. ನಾನು ಅಂಗೈಯಿಂದ ಹೊಡೆಯಬೇಕು, ಅವರು ಅದನ್ನು ಕೆಳಕ್ಕೆ ಒತ್ತಿ ಗುದ್ದಬೇಕು, ಗುದ್ದಿಗೆ ನನ್ನ ಬೊಂಗ್ ಏಳಬೇಕು. ಎಂಟನೇ ತಿಂಗಳಲ್ಲಿ ಒಂದು ಸಂಜೆ ಕಣ್ಣು ಮುಚ್ಚಿಕೊಂಡು ಆಡುತ್ತಿದ್ದಾಗ, ನಾನು ಯೋಚಿಸುವ ಮೊದಲೇ ಮೊಣಕೈ ಹಗುರವಾಗಿ ಎದ್ದಿತು. ಭುಜ ಕೆಳಗೇ ಇತ್ತು. ಹಿರಿಯರು ಕೈ ತೆಗೆಯದೆ ತಲೆಯಾಡಿಸಿದರು.

ಅದು ಬಲಗೈ. ಎಡಗೈಗೆ ಇನ್ನೂ ಐದು ತಿಂಗಳು ಹಿಡಿಯಿತು.