ಮೊದಲು ಡಬ್ಬ ಕಟ್ಟಿ, ಆಮೇಲೆ ಬೆಲೆ ಹಾಕಿ: ಹೊರದೇಶಕ್ಕೆ ಕಳಿಸುವ ಮಾರಾಟಗಾರರಿಗೆ

ನಾನು ಬಟ್ಟೆಯ ಲ್ಯಾಂಪ್‌ಶೇಡ್ ಹೊಲಿದು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುತ್ತೇನೆ. ಬಲ್ಬು, ವೈರು ಏನೂ ಇರುವುದಿಲ್ಲ. ತಂತಿಯ ಎರಡು ಬಳೆ, ನಾಲ್ಕು ಕಡ್ಡಿ, ಸುತ್ತ ಬಟ್ಟೆ, ಅಷ್ಟೇ. ತೂಕ 700 ಗ್ರಾಂ. ಹೊರದೇಶದಿಂದ ಮೊದಲ ಆರ್ಡರ್ ಬಂದಾಗ ಅದನ್ನು ತೂಕ ಮಾಡಿ, ಒಂದು ಕೆಜಿಯ ದರ ನೋಡಿ, ಗಿರಾಕಿಯಿಂದ ಅಷ್ಟನ್ನೇ ತೆಗೆದುಕೊಂಡೆ. ಆಮೇಲೆ ಬಂದ ಕೊರಿಯರ್ ಬಿಲ್ಲಿನಲ್ಲಿ ನಾಲ್ಕೂವರೆ ಕೆಜಿ ಅಂತ ಇತ್ತು. ಆ ಲ್ಯಾಂಪ್‌ಶೇಡ್‌ನಿಂದ ಬಂದ ಲಾಭ ಪೂರ್ತಿ ಹೋಯಿತು, ಕೈಯಿಂದಲೂ ಕೊಡಬೇಕಾಯಿತು.

ಆಗಿದ್ದಿಷ್ಟು. ವಿಮಾನದಲ್ಲಿ ತೂಕಕ್ಕಿಂತ ಮೊದಲು ಜಾಗ ತುಂಬುತ್ತದೆ. ಹಾಗಾಗಿ ಕೊರಿಯರ್‌ನವರು ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಅಂತ ಹೆಸರು. ಇದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನನ್ನ ಡಬ್ಬ 30 × 30 × 25. ಗುಣಿಸಿದರೆ 22,500. ಭಾಗಿಸಿದರೆ 4.5 ಕೆಜಿ. ಒಳಗೆ ಹೆಚ್ಚಿಗೆ ಇದ್ದದ್ದು ಬರೀ ಗಾಳಿ.

ಇದೇ ಡಬ್ಬವನ್ನು ಅಂಚೆಯಲ್ಲಿ ಸಣ್ಣ ಪ್ಯಾಕೆಟ್ ಆಗಿ ಕಳಿಸಬಹುದಿತ್ತು. ಸಣ್ಣ ಪ್ಯಾಕೆಟ್‌ಗೆ ಅಂತರರಾಷ್ಟ್ರೀಯ ಮಿತಿ 2 ಕೆಜಿ. ಉದ್ದ, ಅಗಲ, ಎತ್ತರ ಮೂರೂ ಕೂಡಿ 90 ಸೆಂಟಿಮೀಟರ್ ದಾಟಬಾರದು, ಯಾವ ಬದಿಯೂ 60 ದಾಟಬಾರದು. ನನ್ನದು ಕೂಡಿದರೆ 85. ಅಲ್ಲಿ ಸಾಮಾನ್ಯವಾಗಿ ನಿಜವಾದ ತೂಕಕ್ಕೇ ದರ. ಒಂದೇ ಡಬ್ಬ, ಒಂದು ಕಡೆ 4.5 ಕೆಜಿ, ಇನ್ನೊಂದು ಕಡೆ ಮುಕ್ಕಾಲು ಕೆಜಿ. ನಿಮ್ಮ ವಸ್ತು ಹಗುರ, ಆದರೆ ಗಾತ್ರ ದೊಡ್ಡದು ಅಂತಾದರೆ ಮೊದಲು ಅಂಚೆಯ ದರ ಕೇಳಿ. ಚಿಕ್ಕದು, ಭಾರದ್ದು ಅಂತಾದರೆ ಕೊರಿಯರ್ ದರವನ್ನೂ ಕೇಳಿ, ಎಷ್ಟೋ ಸಲ ಅದೇ ಅನುಕೂಲವಾಗುತ್ತದೆ.

ನನಗೆ ಅಂಚೆಯೊಂದೇ ಸಾಲುತ್ತಿರಲಿಲ್ಲ. ಬೇಗ ಬೇಕು ಅನ್ನುವ ಗಿರಾಕಿಗಳಿದ್ದರು. ಹಾಗಾಗಿ ವಸ್ತುವನ್ನೇ ಬದಲಾಯಿಸಿದೆ. ಬಟ್ಟೆಯನ್ನು ಬಳೆಗೆ ಹೊಲಿಯುವುದು ಬಿಟ್ಟು, ಅಂಚಿಗೆ ಲಾಡಿ ಹಾಕಿ ಕಟ್ಟುವ ಹಾಗೆ ಮಾಡಿದೆ. ಈಗ ಎರಡು ಬಳೆ ಒಂದರ ಮೇಲೊಂದು ಕೂರುತ್ತವೆ. ಮಡಚಿದ ಬಟ್ಟೆ ಅವುಗಳ ನಡುವಿನ ಜಾಗದಲ್ಲಿ, ಕಡ್ಡಿಗಳು ಪಕ್ಕದಲ್ಲಿ. ಜೊತೆಗೆ ಜೋಡಿಸುವ ಕ್ರಮ ತೋರಿಸುವ ಒಂದು ಚಿತ್ರದ ಹಾಳೆ. ಡಬ್ಬ 32 × 32 × 5 ಆಯಿತು. ಲೆಕ್ಕ ಹಾಕಿದರೆ 1.02 ಕೆಜಿ. ಆ 0.02 ನೋಡಿ ಸುಮ್ನೆ ಬಿಡಬೇಡಿ. ಕೊರಿಯರ್ ದರ ಅರ್ಧ ಅರ್ಧ ಕೆಜಿಯ ಮೆಟ್ಟಿಲಲ್ಲಿ ಏರುತ್ತದೆ, 1.02 ಅಂದರೆ ಒಂದೂವರೆ ಕೆಜಿಯ ದುಡ್ಡು. ಡಬ್ಬವನ್ನು ಅರ್ಧ ಸೆಂಟಿಮೀಟರ್ ತೆಳ್ಳಗೆ ಮಾಡಿಸಿದೆ. 32 × 32 × 4.5 ಅಂದರೆ 0.92. ಈಗ ಒಂದು ಕೆಜಿಯ ಒಳಗೆ.

ಅಳತೆ ತೆಗೆಯುವಾಗ ಡಬ್ಬದ ಮೇಲೆ ಅಚ್ಚಾಗಿರುವ ಅಳತೆಯನ್ನು ನಂಬಬೇಡಿ. ತುಂಬಿ, ಟೇಪು ಹಾಕಿದ ಮೇಲೆ ನಡುವೆ ಉಬ್ಬುತ್ತದೆ. ಕೊರಿಯರ್‌ನವರ ಯಂತ್ರ ಆ ಉಬ್ಬನ್ನೇ ಅಳೆಯುತ್ತದೆ. ನಾನು ಡಬ್ಬದ ಮೇಲೆ ಒಂದು ಚಪ್ಪಟೆ ಹಲಗೆ ಇಟ್ಟು, ಹಲಗೆಯ ಕೆಳಭಾಗದಿಂದ ಮೇಜಿನವರೆಗೆ ಅಳೆಯುತ್ತೇನೆ.

ಇನ್ನು ಮಾರುಕಟ್ಟೆಯ ಕಮಿಷನ್. ಬಹಳ ಜನ ಇಲ್ಲೇ ಕಳೆದುಕೊಳ್ಳುತ್ತಾರೆ, ಕಳೆದುಕೊಂಡದ್ದು ಗೊತ್ತೂ ಆಗುವುದಿಲ್ಲ. ಕಮಿಷನ್ ವಸ್ತುವಿನ ಬೆಲೆಯ ಮೇಲೆ ಮಾತ್ರ ಅಂದುಕೊಂಡಿರುತ್ತೇವೆ, ಅಲ್ವಾ? ಎಟ್ಸಿ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ 2022ರ ಏಪ್ರಿಲ್ 11ರಿಂದ ಶೇ. 6.5 ವ್ಯವಹಾರ ಶುಲ್ಕವಿದೆ. ಅದು ಸಾಗಣೆಗೆ ಗಿರಾಕಿ ಕೊಡುವ ದುಡ್ಡಿನ ಮೇಲೂ ಬೀಳುತ್ತದೆ. ಇಬೇಯಲ್ಲೂ ವಸ್ತು ಮಾರಾಟವಾದಾಗ ಹಿಡಿಯುವ ಶುಲ್ಕ ಸಾಗಣೆ ಸೇರಿದ ಒಟ್ಟು ಮೊತ್ತದ ಮೇಲೆ. ಹಣ ಪಾವತಿ ಮಾಡಿಕೊಡುವವರ ಪಾಲು ಕೂಡ ಒಟ್ಟು ಮೊತ್ತದ ಮೇಲೇ. ಗಿರಾಕಿ ಬೇರೆ ದೇಶದವರಾದರೆ ಇನ್ನೊಂದು ಶುಲ್ಕ ಸೇರಿಸುವ ಮಾರುಕಟ್ಟೆಗಳೂ ಇವೆ.

ಒಂದು ಲೆಕ್ಕ ಹಾಕೋಣ. ಎಲ್ಲ ಶುಲ್ಕ ಸೇರಿ ಶೇ. 14 ಅಂದುಕೊಳ್ಳಿ. ವಸ್ತುವಿನ ಬೆಲೆ 60. ಮಾಡಲು ಬಿದ್ದ ಅಸಲು 40, ಪ್ಯಾಕಿಂಗ್ 4. ಸಾಗಣೆ 30, ಅದನ್ನು ಗಿರಾಕಿ ಬೇರೆಯಾಗಿ ಕೊಡುತ್ತಾರೆ. ಶುಲ್ಕ 60ರ ಮೇಲೆ ಮಾತ್ರ ಅಂದುಕೊಂಡರೆ 8.40 ಹೋಗಿ 7.60 ಉಳಿಯಬೇಕು. ಆದರೆ ಶುಲ್ಕ ಬೀಳುವುದು 90ರ ಮೇಲೆ, ಅಂದರೆ 12.60. ಉಳಿಯುವುದು 3.40. ಲಾಭ ಅರ್ಧಕ್ಕಿಂತ ಕಡಿಮೆಯಾಯಿತು. ನೀವು ಸಾಗಣೆಯಲ್ಲಿ ಒಂದು ಕಾಸೂ ಲಾಭ ಇಟ್ಟುಕೊಂಡಿಲ್ಲ, ಆದರೂ ಅದರ ಮೇಲೆ ಕಮಿಷನ್ ಕೊಟ್ಟಿದ್ದೀರಿ.

ಸರಿಮಾಡುವುದು ಹೇಗೆ? 30ಕ್ಕೆ ಶೇ. 14 ಕೂಡಿಸಿದರೆ 34.20 ಆಗುತ್ತದೆ. ಅದು ಸಾಲದು, ಕೂಡಿಸಿದ್ದರ ಮೇಲೂ ಶುಲ್ಕ ಬೀಳುತ್ತದೆ. ಕೂಡಿಸುವ ಬದಲು ಭಾಗಿಸಿ. ನೂರರಲ್ಲಿ 14 ಹೋದರೆ 86 ಉಳಿಯುತ್ತದೆ, 30ನ್ನು 0.86ರಿಂದ ಭಾಗಿಸಿದರೆ 34.88. ಗಿರಾಕಿಗೆ 35 ಅಂತ ತೋರಿಸಿ. ಶುಲ್ಕ ಹೋದ ಮೇಲೂ ನಿಮ್ಮ ಕೈಯಲ್ಲಿ 30 ಇರುತ್ತದೆ.

ಫ್ರೀ ಶಿಪ್ಪಿಂಗ್ ಹಾಕಿದರೆ ಹೇಗೆ ಅಂತ ಕೇಳುತ್ತಾರೆ. ಹತ್ತಿರದ ಗಿರಾಕಿಗಳಿಗೆ ಸರಿ. ಹೊರದೇಶಕ್ಕೆ ನಾನು ಹಾಕುವುದಿಲ್ಲ, ಕಾರಣ ಎರಡು. ಒಂದು, ದೂರದ ದೇಶದ ಸಾಗಣೆಯನ್ನು ಎಲ್ಲರ ಬೆಲೆಗೂ ಸೇರಿಸಬೇಕಾಗುತ್ತದೆ. ಇನ್ನೊಂದು, ಸುಂಕ. ಅಂತರರಾಷ್ಟ್ರೀಯ ಸಾಗಣೆಯನ್ನು ಬೇರೆಯಾಗಿ ತೋರಿಸಿದ್ದರೆ ಅಮೆರಿಕದಲ್ಲಿ ಅದನ್ನು ಬಿಟ್ಟು ಸುಂಕ ಲೆಕ್ಕ ಹಾಕುತ್ತಾರೆ. ಬೆಲೆಯೊಳಗೇ ಸೇರಿಸಿಬಿಟ್ಟರೆ ಸಾಗಣೆಗೂ ಸುಂಕ ಬೀಳುತ್ತದೆ. ಯುರೋಪಿಯನ್ ಯೂನಿಯನ್‌ನಲ್ಲಿ ಹೇಗಿದ್ದರೂ ಸಾಗಣೆ ಸೇರಿಸಿಯೇ ಲೆಕ್ಕ.

ಸುಂಕದ ವಿಷಯದಲ್ಲಿ ಹಳೆಯ ಲೆಕ್ಕ ಇಟ್ಟುಕೊಂಡು ಕೂರಬೇಡಿ. ಅಮೆರಿಕಕ್ಕೆ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಅನ್ನುವ ರಿಯಾಯಿತಿ 2025ರ ಆಗಸ್ಟ್ 29ರಂದು ಎಲ್ಲ ದೇಶಗಳಿಗೂ ನಿಂತಿತು. ಆ ಹೊತ್ತಿನಲ್ಲಿ ಹಲವು ದೇಶಗಳ ಅಂಚೆಯವರು ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದ್ದರು. ಯುರೋಪಿಯನ್ ಯೂನಿಯನ್‌ನಲ್ಲಿ 2021ರ ಜುಲೈ 1ರಿಂದ ಎಷ್ಟೇ ಚಿಕ್ಕ ಪಾರ್ಸೆಲ್ ಆದರೂ ವ್ಯಾಟ್ ಇದೆ. 150 ಯೂರೋವರೆಗಿನ ಮಾರಾಟಕ್ಕೆ ಮಾರುಕಟ್ಟೆಯೇ ವ್ಯಾಟ್ ವಸೂಲಿ ಮಾಡಿ, ನಿಮಗೆ ಒಂದು ಐಒಎಸ್‌ಎಸ್ ಸಂಖ್ಯೆ, ಅಂದರೆ ವ್ಯಾಟ್ ಮೊದಲೇ ವಸೂಲಾಗಿದೆ ಅಂತ ತೋರಿಸುವ ಸಂಖ್ಯೆ, ಕೊಡುತ್ತದೆ. ಆ ಸಂಖ್ಯೆಯನ್ನು ಅಂಚೆ ಅಥವಾ ಕೊರಿಯರ್‌ನ ಆನ್‌ಲೈನ್ ಫಾರಂನಲ್ಲಿ ಅದರದೇ ಕಾಲಂನಲ್ಲಿ ತುಂಬಿ. ಬಿಟ್ಟರೆ ಗಿರಾಕಿ ಒಂದು ಸಲ ಮಾರುಕಟ್ಟೆಗೆ, ಇನ್ನೊಂದು ಸಲ ಮನೆ ಬಾಗಿಲಲ್ಲಿ ವ್ಯಾಟ್ ಕೊಡಬೇಕಾಗುತ್ತದೆ. ಬ್ರಿಟನ್‌ನಲ್ಲಿ ಇಂಥದೇ ಮಿತಿ 135 ಪೌಂಡ್.

ಸುಂಕ ಯಾರು ಕಟ್ಟಬೇಕು ಅನ್ನುವುದನ್ನು ಲೇಬಲ್ ಮಾಡುವಾಗಲೇ ಆರಿಸಬೇಕು. ಡಿಡಿಪಿ ಅಂದರೆ ನೀವು, ಡಿಎಪಿ ಅಂದರೆ ಗಿರಾಕಿ. ಡಿಎಪಿ ಅಗ್ಗ ಅಂತ ಕಾಣುತ್ತದೆ. ನಾನೂ ಅದನ್ನೇ ಆರಿಸಿದ್ದೆ. ಒಮ್ಮೆ ಪಾರ್ಸೆಲ್ ತಲುಪಿದಾಗ ಸುಂಕದ ಜೊತೆ, ಸುಂಕವನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕವನ್ನೂ ಕೇಳಿದರು. ಆ ಗಿರಾಕಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ. ಅವರು ಪಾರ್ಸೆಲ್ ಬೇಡ ಅಂದರು. ವಾಪಸ್ ಬರುವ ಸಾಗಣೆ ನನ್ನ ಲೆಕ್ಕಕ್ಕೆ ಬಿತ್ತು, ಗಿರಾಕಿಗೆ ದುಡ್ಡು ಹಿಂದಿರುಗಿಸಿದೆ, ವಾಪಸ್ ಬಂದ ಲ್ಯಾಂಪ್‌ಶೇಡ್ ನನ್ನದೇ ಅಂತ ಕಸ್ಟಮ್ಸ್‌ಗೆ ದಾಖಲೆ ತೋರಿಸಬೇಕಾಯಿತು. ಕಳಿಸಿದ ಪ್ರತಿ ಪಾರ್ಸೆಲ್‌ನ ಇನ್‌ವಾಯ್ಸ್, ಲೇಬಲ್ ಪ್ರತಿ ಇಟ್ಟುಕೊಳ್ಳಿ ಅನ್ನುವುದು ಇದಕ್ಕೇ. ಸಾಧ್ಯವಿದ್ದ ಕಡೆ ಡಿಡಿಪಿ ಮಾಡಿ ಸುಂಕವನ್ನು ಬೆಲೆ ಕಟ್ಟುವಾಗಲೇ ಲೆಕ್ಕಕ್ಕೆ ತನ್ನಿ. ಆಗದಿದ್ದರೆ, ಸುಂಕ ಗಿರಾಕಿಯೇ ಕಟ್ಟಬೇಕಾಗಬಹುದು ಅಂತ ವಸ್ತುವಿನ ವಿವರದಲ್ಲೂ, ಆರ್ಡರ್ ಬಂದ ದಿನ ಕಳಿಸುವ ಸಂದೇಶದಲ್ಲೂ ಬರೆಯಿರಿ.

ಕಸ್ಟಮ್ಸ್ ಚೀಟಿಯಲ್ಲಿ ಸುಮ್ನೆ 'ಗಿಫ್ಟ್', 'ಅಲಂಕಾರ ವಸ್ತು' ಅಂತ ಬರೆಯಬೇಡಿ. ಮಾರಿದ್ದನ್ನು ಗಿಫ್ಟ್ ಅನ್ನುವುದು ಸುಳ್ಳು ಹೇಳಿಕೆ. 'ಹತ್ತಿ ಬಟ್ಟೆಯ ಲ್ಯಾಂಪ್‌ಶೇಡ್, ತಂತಿಯ ಚೌಕಟ್ಟು, ವಿದ್ಯುತ್ ಭಾಗ ಇಲ್ಲ' ಅಂತ ನಾನು ಬರೆಯುತ್ತೇನೆ. ಜೊತೆಗೆ ಎಚ್‌ಎಸ್ ಕೋಡ್, ಅಂದರೆ ವಸ್ತು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ತಿಳಿಸುವ ಸಂಖ್ಯೆ. ದೀಪ ಮತ್ತು ಅದರ ಭಾಗಗಳದ್ದು 9405ರಿಂದ ಶುರುವಾಗುತ್ತದೆ. ಮೊದಲ ಆರು ಅಂಕಿ ಹೆಚ್ಚುಕಡಿಮೆ ಎಲ್ಲ ದೇಶಕ್ಕೂ ಒಂದೇ, ಆದ್ದರಿಂದ ಒಮ್ಮೆ ಸರಿಯಾಗಿ ಹುಡುಕಿ ಇಟ್ಟುಕೊಂಡರೆ ಸಾಕು. ಬೆಲೆಯನ್ನೂ ಕಡಿಮೆ ಬರೆಯಬೇಡಿ. ಪಾರ್ಸೆಲ್ ಕಳೆದುಹೋದರೆ ನೀವು ಬರೆದ ಬೆಲೆಗಿಂತ ಜಾಸ್ತಿ ಪರಿಹಾರ ಕೇಳಲು ಆಗುವುದಿಲ್ಲ.

ಉಳಿದ ಚಿಲ್ಲರೆ ಖರ್ಚುಗಳು ಬೇಗ ಹೇಳಿಬಿಡುತ್ತೇನೆ. ಇಂಧನದ ಸರ್‌ಚಾರ್ಜ್ ಆಗಾಗ ಬದಲಾಗುತ್ತದೆ, ಕೆಲವು ಕೊರಿಯರ್‌ಗಳಲ್ಲಿ ವಾರಕ್ಕೊಮ್ಮೆ. ದೂರದ ಊರುಗಳಿಗೆ ಬೇರೆ ಶುಲ್ಕ, ವಿಳಾಸ ತಪ್ಪಿದ್ದರೆ ಅದಕ್ಕೊಂದು. ಮಾರುಕಟ್ಟೆ ನಿಮ್ಮ ದುಡ್ಡನ್ನು ಒಂದು ಕರೆನ್ಸಿಯಿಂದ ಇನ್ನೊಂದಕ್ಕೆ ಬದಲಾಯಿಸುವ ದರವನ್ನು ಆ ದಿನದ ಪೇಟೆ ದರದ ಪಕ್ಕ ಇಟ್ಟು ನೋಡಿ. ಆ ವ್ಯತ್ಯಾಸವೂ ಒಂದು ಶುಲ್ಕವೇ.

ಕೊನೆಯದಾಗಿ ನನ್ನ ನೋಟ್‌ಬುಕ್. ಪ್ರತಿ ಪಾರ್ಸೆಲ್‌ಗೆ ಒಂದು ಸಾಲು. ಅಂದಾಜಿನ ಸಾಗಣೆ ಒಂದು ಕಡೆ, ನಿಜವಾಗಿ ಬಿದ್ದದ್ದು ಇನ್ನೊಂದು ಕಡೆ. ಎರಡನೆಯದನ್ನು ಅವತ್ತೇ ತುಂಬಲು ಆಗುವುದಿಲ್ಲ. ಕೊರಿಯರ್‌ನವರು ಮತ್ತೆ ಅಳೆದು, ವ್ಯತ್ಯಾಸದ ಬಿಲ್ ಕಳಿಸುವಾಗ ವಾರಗಳೇ ಕಳೆದಿರುತ್ತವೆ. ಅದಕ್ಕೆ ಕಳಿಸುವ ಮೊದಲು ಎರಡು ಫೋಟೊ ತೆಗೆಯುತ್ತೇನೆ. ಒಂದರಲ್ಲಿ ಡಬ್ಬ ತಕ್ಕಡಿಯ ಮೇಲೆ, ಅಂಕಿ ಕಾಣುವ ಹಾಗೆ. ಇನ್ನೊಂದರಲ್ಲಿ ಡಬ್ಬದ ಎತ್ತರಕ್ಕೆ ಅಳತೆಪಟ್ಟಿ ಹಿಡಿದದ್ದು, ಲೇಬಲ್ ಸಂಖ್ಯೆಯೂ ಕಾಣುವ ಹಾಗೆ. ಒಮ್ಮೆ 4.5 ಸೆಂಟಿಮೀಟರ್ ಡಬ್ಬಕ್ಕೆ 9 ಅಂತ ಬಿಲ್ ಬಂದಿತ್ತು. ಆ ಎರಡು ಫೋಟೊ ಕಳಿಸಿದೆ, ಜಾಸ್ತಿ ತೆಗೆದುಕೊಂಡ ದುಡ್ಡನ್ನು ವಾಪಸ್ ಹಾಕಿದರು.